ಕೋಲು ಹಿಡಿದರೆ ನಂಬಿಕೆ ಇಲ್ಲವೇ?

ಭಾನುವಾರದ ಆರಾಧನೆಯ ಸಂದೇಶ
ವಾಕ್ಯಭಾಗ: ಲೂಕ 13:10–17, ಮಾರ್ಕ 8:22–26

  

ಹೋದ ವಾರ ಯೂತ್ ಮೀಟಿಂಗ್ ಮುಗಿದ ಮೇಲೆ ಒಬ್ಬ ತಂಗಿ ಬಂದು ಕೇಳಿದಳು. "ಪಾಸ್ಟರ್, ಊರಲ್ಲಿ ಅಮ್ಮನ ಬೆನ್ನು ಒಂದು ಕಡೆ ವಾಲ್ತಾ ಇದೆ. ಡಾಕ್ಟರ್ ಬೆಲ್ಟು, ಕೋಲು, ಫಿಸಿಯೋಥೆರಪಿ ಅಂತ ಬರೆದುಕೊಟ್ಟಿದ್ದಾರೆ. ಅಮ್ಮ ಕೋಲು ಮುಟ್ಟಲ್ಲ. ಮುಟ್ಟಿದ್ರೆ ನಂಬಿಕೆ ಕಳ್ಕೊಂಡ ಹಾಗೆ ಅಂತಾರೆ. ನಾನೇನು ಹೇಳಲಿ?"

ನಾನು ಆಗಲೇ ಉತ್ತರ ಕೊಡಲಿಲ್ಲ. ಭಾನುವಾರ ಹೇಳ್ತೀನಮ್ಮ ಅಂದೆ. ಯಾಕಂದ್ರೆ ಇದೇ ಪ್ರಶ್ನೆಗೆ ನಾನು ಒಮ್ಮೆ ತಪ್ಪು ಉತ್ತರ ಕೊಟ್ಟಿದ್ದೇನೆ. ಆ ತಪ್ಪಿನ ಬೆಲೆ ತೆತ್ತವಳು ನಮ್ಮ ದೊಡ್ಡವ್ವ. ಇವತ್ತು ಅವಳ ಅನುಮತಿ ತಗೊಂಡೇ ಈ ಮಾತು ಹೇಳ್ತಾ ಇದ್ದೇನೆ.

ಮೊದಲು ಸತ್ಯವೇದ ತೆಗೆಯೋಣ. ಲೂಕ 13ನೇ ಅಧ್ಯಾಯ. ಸಬ್ಬತ್ ದಿನ, ಸಭಾಮಂದಿರ, ಯೇಸು ಸ್ವಾಮಿ ಬೋಧಿಸ್ತಾ ಇದ್ದಾರೆ. ಅಲ್ಲಿ ಒಬ್ಬ ಹೆಂಗಸು ಇದ್ದಾಳೆ, 18 ವರ್ಷದಿಂದ ಬೆನ್ನು ಬಾಗಿದೆ, ಮೈ ನೆಟ್ಟಗೆ ಮಾಡೋಕೆ ಆಗ್ತಾ ಇಲ್ಲ. ನಾವು ಈ ಭಾಗ ಓದಿದಾಗಲೆಲ್ಲ ಅದ್ಭುತಕ್ಕೆ ಓಡಿಬಿಡ್ತೇವೆ. ಸ್ವಲ್ಪ ನಿಲ್ಲಿ. ಆ 18 ವರ್ಷವನ್ನು ನೋಡಿ. ಆ ತಾಯಿ ಬಾಗಿದ ಬೆನ್ನಲ್ಲೇ ಆರಾಧನೆಗೆ ಬಂದಿದ್ದಾಳೆ. ಗುಣ ಆದ ಮೇಲೆ ಬರ್ತೀನಿ ಅಂತ ಮನೆಯಲ್ಲಿ ಕೂತಿಲ್ಲ. ಯೇಸು ಸ್ವಾಮಿ ಅವಳನ್ನು ಅಬ್ರಹಾಮನ ಮಗಳು ಅಂತ ಕರೀತಾರೆ. ಬೆನ್ನು ನೆಟ್ಟಗಾದ ಹೊತ್ತಿಗೆ ಅವಳು ಮಗಳಾದದ್ದಲ್ಲ ಪ್ರಿಯರೇ. ಬಾಗಿದ್ದ 18 ವರ್ಷವೂ ಅವಳು ಮಗಳೇ ಆಗಿದ್ದಳು. ಆಮೆನ್?

ಈಗ ನಮ್ಮ ದೊಡ್ಡವ್ವನ ಕಥೆ.

ನಮ್ಮದು ಬಾಗಲಕೋಟೆ ತಾಲೂಕಿನ ತುಳಸಿಗೇರಿ. ಆ ಕಡೆಯವರಿಗೆ ಊರ ಹೆಸರು ಹೇಳಿದ್ರೆ ಹನುಮಪ್ಪನ ಗುಡಿ, ಹನುಮಪ್ಪನ ಜಾತ್ರೆ ನೆನಪಾಗುತ್ತೆ. ಅಂಥ ಊರಲ್ಲಿ ವಿಶ್ವಾಸಿಗಳ ಮನೆ ಕೈಬೆರಳಲ್ಲಿ ಎಣಿಸುವಷ್ಟು. ದೊಡ್ಡವ್ವ ಅಂದ್ರೆ ನಮ್ಮ ಅವ್ವನ ಅಕ್ಕ. ನನಗೆ ಮೊದಲು ಪ್ರಾರ್ಥನೆ ಕಲಿಸಿದವಳು. ವಯಸ್ಸು ಎಪ್ಪತ್ತು ದಾಟಿದೆ. ಹೊಲದಲ್ಲಿ ಕಳೆ ತೆಗೆದು, ಜೋಳ ಕೊಯ್ದು, ಕೊಡ ಹೊತ್ತು ಬೆಳೆಸಿದ ಮೈ ಅದು.

ಅವಳ ಬೆನ್ನಿಗೆ ಏನೋ ಆಗ್ತಿದೆ ಅಂತ ಮೊದಲು ಗೊತ್ತಾದದ್ದು ಡಾಕ್ಟರಿಂದ ಅಲ್ಲ, ಸೀರೆಯಿಂದ. ಇಳಕಲ್ ಸೀರೆ ಉಟ್ಟರೆ ಒಂದು ಕಡೆ ಅಂಚು ನೆಲ ಗುಡಿಸ್ತಿತ್ತು, ಇನ್ನೊಂದು ಕಡೆ ಮೇಲೆ ಸರೀತಿತ್ತು. ನೆರಿಗೆ ಎಷ್ಟು ಸರಿಮಾಡಿದರೂ ಅಷ್ಟೇ. ಆಮೇಲೆ ಸೊಂಟ ನೋವು, ಎಡಗಾಲಲ್ಲಿ ಸೆಳೆತ. ನಾಲ್ಕು ಮನೆ ದಾಟೋದ್ರಲ್ಲಿ ಕಾಲು ಜೋಮು ಹಿಡಿದು ಯಾರದಾದ್ರೂ ಕಟ್ಟೆ ಮೇಲೆ ಕೂರೋಳು. ಸ್ವಲ್ಪ ಕೂತರೆ, ಮುಂದಕ್ಕೆ ಬಗ್ಗಿದರೆ ಹಗುರ. ಮತ್ತೆ ಎದ್ದು ನಡೆದರೆ ಅದೇ ಕಥೆ. ಯಾರೋ ಒಂದು ಕೋಲು ಕೊಟ್ಟರು. ಅದನ್ನು ಹಿಡಿದು ಓಡಾಡೋಕೆ ಶುರು ಮಾಡಿದಳು.

ಆಗ ನಾನು ಬೈಬಲ್ ಕಾಲೇಜಿಂದ ಡಿಪ್ಲೊಮಾ ಮುಗಿಸಿ ಹೊಸದಾಗಿ ಬಂದಿದ್ದೆ. ಮೈಯೆಲ್ಲಾ ಬೆಂಕಿ. ಊರಲ್ಲಿ ಒಂದು ಪ್ರಾರ್ಥನಾ ಕೂಟ ಇಟ್ಟೆ. ಇದೇ ಲೂಕ 13 ಓದಿ ಬೋಧಿಸಿದೆ. ದೊಡ್ಡವ್ವನನ್ನು ಮುಂದೆ ಕರೆದು ಬೆನ್ನ ಮೇಲೆ ಕೈಯಿಟ್ಟು ಪ್ರಾರ್ಥಿಸಿದೆ. ಹೇಗಿದೆ ದೊಡ್ಡವ್ವಾ ಅಂದೆ. "ಹಗುರ ಆಗೇತಿ ತಮ್ಮಾ" ಅಂದಳು. ಅಷ್ಟು ಸಾಕಾಯ್ತು ನನಗೆ. ಅವಳ ಕೈಯಿಂದ ಕೋಲು ಇಸಕೊಂಡೆ, ಮೂಲೆಗೆ ಇಟ್ಟೆ. ನಡಿ ಅಂದೆ, ನಡೆದಳು. ಎಲ್ಲರೂ ಚಪ್ಪಾಳೆ. ಫೋನಲ್ಲಿ ಸಾಕ್ಷಿ ರೆಕಾರ್ಡ್ ಮಾಡಿ ಎಲ್ಲಾ ಗ್ರೂಪಿಗೂ ಕಳಿಸಿದೆ.

ಮೂರು ವಾರ ಆದ ಮೇಲೆ, ರಾತ್ರಿ ಹಿತ್ತಲಿಗೆ ಹೋಗುವಾಗ ದೊಡ್ಡವ್ವ ಬಿದ್ದಳು. ಎಡ ಮುಂಗೈ ಮೂಳೆ ಮುರೀತು. ಎತ್ತಿ ಕೂರಿಸಿದವರು, ಗಾಡಿ ಮಾಡಿ ಬಾಗಲಕೋಟೆಗೆ ಕರ್ಕೊಂಡು ಹೋದವರು ಪಕ್ಕದ ಮನೆಯವರು. ಪ್ರತಿ ಶನಿವಾರ ಹನುಮಪ್ಪನಿಗೆ ಹೋಗುವ ಮನೆತನ. ಒಳ್ಳೇ ಸಮಾರ್ಯದವನ ಸಾಮ್ಯ ನಾನು ಎಷ್ಟೋ ಸಲ ಬೋಧಿಸಿದ್ದೆ. ಅದರಲ್ಲಿ ಪಕ್ಕದಿಂದ ದಾಟಿ ಹೋದ ಯಾಜಕ ನಾನೇ ಅಂತ ಅವತ್ತು ಗೊತ್ತಾಯ್ತು.

ಆಸ್ಪತ್ರೆಯಲ್ಲಿ ಕೇಳಿದೆ, "ಯಾಕ ದೊಡ್ಡವ್ವಾ, ರಾತ್ರಿ ಹೊತ್ತು ಕೋಲು ಹಿಡೀಬಾರದಿತ್ತಾ? ನೋವು ಇದ್ರೆ ಹೇಳಬಾರದಿತ್ತಾ?"

ಅವಳಂದಳು, "ನೀ ಮಂದಿ ಮುಂದ ಸಾಕ್ಷಿ ಹೇಳಿಸಿದ್ದೆಲ್ಲಪ್ಪಾ. ಮತ್ತ ಕೋಲ್ ಹಿಡಕೊಂಡ್ ಓಡ್ಯಾಡಿದ್ರ ಮಂದಿ ನಿನಗ ಏನಂತಾರ? ನಿನ್ನ ಮಾತ ಸುಳ್ಳ ಆಗಬಾರ್ದಂತ ನಾನ ಮುಟ್ಟಲಿಲ್ಲ."

ಪ್ರಿಯರೇ, ನೋವು ಮೂರನೇ ದಿನಕ್ಕೇ ವಾಪಸ್ ಬಂದಿತ್ತು. ಅದನ್ನು ನುಂಗಿಕೊಂಡು ನಡೆದಳು. ದೇವರ ಹೆಸರು ಉಳಿಸೋಕೆ ಅಂತ ಅವಳು ಅಂದುಕೊಂಡಳು. ನಿಜಕ್ಕೂ ಉಳೀತಿದ್ದದ್ದು ನನ್ನ ಹೆಸರು. ಒಬ್ಬ ಮುದುಕಿಯ ಮುರಿದ ಕೈ ಮೇಲೆ ನಿಂತಿರುವ ಸಾಕ್ಷಿಯಿಂದ ದೇವರಿಗೆ ಮಹಿಮೆ ಬರುತ್ತಾ? ಇದೇ ಇವತ್ತಿನ ಪ್ರಶ್ನೆ. ಗುಣ ಆಗದೆ ಇರುವಾಗ ಗುಣ ಆಯ್ತು ಅನ್ನೋದು ನಂಬಿಕೆನಾ, ಸುಳ್ಳಾ?

ಅಲ್ಲಿ ಮೂಳೆ ಡಾಕ್ಟರು ಬೆನ್ನಿನ ಎಕ್ಸ್-ರೇ ಕೂಡ ತೆಗೆಸಿದರು. ಅದಕ್ಕೆ ಡಿಜೆನರೇಟಿವ್ ಸ್ಕೋಲಿಯೋಸಿಸ್ ಅಂತ ಹೆಸರು. ಅರ್ಥ ಆಗುವ ಹಾಗೆ ಹೇಳ್ತೀನಿ, ನಿಮ್ಮ ಮನೆಯಲ್ಲೂ ಹಿರಿಯರಿದ್ದಾರೆ. ಬೆನ್ನುಮೂಳೆಯ ಮಣಿಗಳ ನಡುವೆ ಮೆತ್ತೆಯ ಹಾಗೆ ಡಿಸ್ಕ್ ಇರುತ್ತೆ. ವಯಸ್ಸಾದ ಹಾಗೆ ಅದರ ನೀರು ಒಣಗಿ ತೆಳ್ಳಗಾಗುತ್ತೆ. ಹಿಂದಿನ ಸಣ್ಣ ಕೀಲುಗಳೂ ಸವೀತವೆ. ಎರಡೂ ಕಡೆ ಒಂದೇ ಸಮ ಸವೆದರೆ ಎತ್ತರ ಕಡಿಮೆ ಆಗಬಹುದು. ಒಂದು ಕಡೆ ಹೆಚ್ಚು ಸವೆದರೆ ಬೆನ್ನು ಪಕ್ಕಕ್ಕೆ ವಾಲುತ್ತೆ. ಎಕ್ಸ್-ರೇಯಲ್ಲಿ ಆ ಬಾಗು 10 ಡಿಗ್ರಿಗಿಂತ ಹೆಚ್ಚಿದ್ದರೆ ಸ್ಕೋಲಿಯೋಸಿಸ್ ಅಂತಾರೆ. ನರ ಹೋಗುವ ದಾರಿ ಇಕ್ಕಟ್ಟಾದರೆ ಕಾಲಿಗೆ ಸೆಳೆತ, ಜೋಮು. ಮುಂದಕ್ಕೆ ಬಗ್ಗಿದಾಗ ಆ ದಾರಿ ಸ್ವಲ್ಪ ಅಗಲ ಆಗುತ್ತೆ, ಅದಕ್ಕೇ ಹಗುರ ಅನಿಸುತ್ತೆ. ನಮ್ಮ ಕೂಟದಲ್ಲಿ ದೊಡ್ಡವ್ವ ತುಂಬಾ ಹೊತ್ತು ಮುಂದಕ್ಕೆ ಬಗ್ಗಿ ಕೂತು ಪ್ರಾರ್ಥಿಸಿದ್ದಳು. ಆ ಹಗುರ ಅದರಿಂದಲೂ ಇರಬಹುದು. ದೇವರ ಸ್ಪರ್ಶವನ್ನು ನಾನು ಅಲ್ಲಗಳೆಯೋದಿಲ್ಲ. ಆದರೆ ಕೇಳದೆ, ಕಾಯದೆ, ಪೂರ್ತಿ ಗುಣ ಅಂತ ಸಾರಿದ್ದು ನನ್ನ ಆತುರ.

ಡಾಕ್ಟರನ್ನು ಕೇಳಿದೆ, ಇದು ನೆಟ್ಟಗೆ ಆಗುತ್ತಾ ಅಂತ. ಅವರು ಹೇಳಿದ್ದು ನನಗೆ ಒಂದು ಬೋಧನೆಯ ಹಾಗಿತ್ತು. ಈ ವಯಸ್ಸಲ್ಲಿ ಬೆನ್ನನ್ನು ನೆಟ್ಟಗೆ ಮಾಡೋದು ನಮ್ಮ ಗುರಿ ಅಲ್ಲ, ಇವರನ್ನು ನಡೆಯೋ ಹಾಗೆ ಇಡೋದು ನಮ್ಮ ಗುರಿ ಅಂದರು. ಸೊಂಟ, ಹೊಟ್ಟೆ, ಕಾಲಿನ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ. ದಿನಾ ಸ್ವಲ್ಪ ಸ್ವಲ್ಪ ನಡಿಗೆ. ಬೆಲ್ಟು ನೋವಿದ್ದಾಗ ಕೆಲ ಹೊತ್ತು ಮಾತ್ರ, ಇಡೀ ದಿನ ಕಟ್ಟಿದ್ರೆ ಸ್ನಾಯು ಸೋತು ಹೋಗುತ್ತೆ. ನೋವಿನ ಮಾತ್ರೆ ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗಬಾರದು, ಹೊಟ್ಟೆಗೆ, ಕಿಡ್ನಿಗೆ ಪೆಟ್ಟು. ಬಿದ್ದು ಮೂಳೆ ಮುರಿದಿದೆ ಅಂದಮೇಲೆ ಮೂಳೆ ಎಷ್ಟು ಗಟ್ಟಿ ಇದೆ ಅಂತ ಪರೀಕ್ಷೆ ಆಗಲೇಬೇಕು. ಕಾಲಿನ ಸೆಳೆತ ಹೆಚ್ಚಾದರೆ ಬೆನ್ನಿಗೆ ಇಂಜೆಕ್ಷನ್ ಇದೆ. ಇದ್ಯಾವುದೂ ಆಗದಿದ್ದರೆ ಆಪರೇಷನ್. ಈ ವಯಸ್ಸಲ್ಲಿ ಅದರ ಅಪಾಯ ಸಣ್ಣದಲ್ಲ, ತೂಗಿ ನೋಡಬೇಕು. ಒಂದು ಮಾತು ಮಾತ್ರ ಬೆರಳೆತ್ತಿ ಹೇಳಿದರು. ಕಾಲಿನ ಬಲ ತಟ್ಟನೆ ಹೋದರೆ, ತೊಡೆಸಂದಿಯ ಸುತ್ತ ಮರಗಟ್ಟಿದರೆ, ಮೂತ್ರ ಮಲದ ಹಿಡಿತ ತಪ್ಪಿದರೆ ಒಂದು ದಿನವೂ ಕಾಯಬಾರದು, ಆಸ್ಪತ್ರೆಗೆ ಓಡಬೇಕು. ಇದನ್ನು ಬರೆದಿಟ್ಟುಕೊಳ್ಳಿ. ಆ ಹೊತ್ತಲ್ಲಿ ನನಗೆ ಫೋನ್ ಮಾಡಬೇಡಿ, ಆಂಬ್ಯುಲೆನ್ಸಿಗೆ ಮಾಡಿ. 108. ಆಸ್ಪತ್ರೆ ದಾರಿಯಲ್ಲಿ ನನಗೆ ಮಾಡಿ, ನಾನು ಅಲ್ಲಿಗೇ ಬಂದು ಪ್ರಾರ್ಥಿಸ್ತೀನಿ.

ಈಗ ಕೆಲವರ ಮನಸ್ಸಲ್ಲಿ ಒಂದು ಆಕ್ಷೇಪಣೆ ಎದ್ದಿರುತ್ತೆ. ಪಾಸ್ಟರ್, ನೀವೇ ಓದಿದ ಭಾಗದಲ್ಲಿ ಆ ಹೆಂಗಸನ್ನು ಸೈತಾನ ಕಟ್ಟಿಹಾಕಿದ್ದ ಅಂತಿದೆಯಲ್ಲಾ? ಹಾಗಾದ್ರೆ ಬೆನ್ನು ಬಾಗೋದು ದುರಾತ್ಮದ ಕೆಲಸ ಅಲ್ವಾ?

ಆ ತಾಯಿಯ ವಿಷಯದಲ್ಲಿ ಕರ್ತನೇ ಹಾಗೆ ಹೇಳಿದರು, ನಾನು ನಂಬ್ತೀನಿ. ಆದರೆ ಅದೇ ಕರ್ತನು ಯೋಹಾನ 9ರಲ್ಲಿ, ಈ ಕುರುಡುತನಕ್ಕೆ ಯಾರ ಪಾಪ ಕಾರಣ ಅಂತ ಶಿಷ್ಯರು ಕೇಳಿದಾಗ, ಇವನದ್ದೂ ಅಲ್ಲ, ತಂದೆತಾಯಿಯದ್ದೂ ಅಲ್ಲ ಅಂದರು. ಪೌಲನು ತಿಮೊಥೆಯನ ಹೊಟ್ಟೆ ಕಾಯಿಲೆಗೆ ಆ ಕಾಲದ ಮನೆಮದ್ದು ಹೇಳಿದ, ಬಿಡುಗಡೆ ಪ್ರಾರ್ಥನೆಗೆ ಕಳಿಸಲಿಲ್ಲ. ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತದಲ್ಲಿ ಬಿಟ್ಟು ಬಂದೆ ಅಂತ ಬರೆದ, ನಾಚಿಕೆ ಪಡಲಿಲ್ಲ. ಆ ಪೌಲನ ಜೊತೆ ಕೊನೆವರೆಗೂ ಇದ್ದವನು ಯಾರು? ಲೂಕ, ಒಬ್ಬ ವೈದ್ಯ. ಈ ಬಾಗಿದ ಹೆಂಗಸಿನ ಕಥೆ ನಮಗೆ ಬರೆದುಕೊಟ್ಟವನೂ ಅವನೇ. ಒಂದು ಕಥೆ ಹಿಡಿದು ಎಲ್ಲಾ ಬೆನ್ನಿಗೂ ಅಳತೆ ಮಾಡಬಾರದು.

ಎರಡನೇ ಆಕ್ಷೇಪಣೆ ಇನ್ನೂ ಗಟ್ಟಿ. ಕಾಣದ್ದನ್ನು ನಿಜ ಅಂತ ಹಿಡಿಯೋದೇ ಅಲ್ವಾ ನಂಬಿಕೆ? ನೋವಿದೆ ಅಂತ ಬಾಯಿಬಿಟ್ಟರೆ ನಕಾರಾತ್ಮಕ ಮಾತು ಆಗಲ್ವಾ?

ಅಬ್ರಹಾಮನನ್ನೇ ಕೇಳೋಣ. ಆದಿಕಾಂಡ 17. ನಿನಗೆ ಮಗ ಹುಟ್ತಾನೆ ಅಂತ ದೇವರು ಹೇಳಿದಾಗ ಅವನು ಬೋರಲು ಬಿದ್ದು ನಕ್ಕ. ನನಗೆ ನೂರು, ಸಾರಳಿಗೆ ತೊಂಬತ್ತು, ಇದು ಹೇಗೆ ಅಂತ ಅಂದುಕೊಂಡ. ಮೈಯ ನಿಜಸ್ಥಿತಿ ಒಪ್ಪಿಕೊಂಡ. ಅಷ್ಟಕ್ಕೆ ವಾಗ್ದಾನ ಮುರೀತಾ? ಇಲ್ಲ. ನಿಜ ಹೇಳಿದರೆ ಒಡೆದುಹೋಗುವ ವಾಗ್ದಾನವನ್ನು ನಮ್ಮ ದೇವರು ಕೊಡೋದೇ ಇಲ್ಲ. ಇಲ್ಲದ್ದನ್ನು ಇದೆ ಅಂತ ಕರೆಯುವ ಅಧಿಕಾರ ದೇವರದು. ಇರುವ ನೋವನ್ನು ಇಲ್ಲ ಅಂತ ಹೇಳಿಸುವ ಅಧಿಕಾರ ಪಾಸ್ಟರಿಗೆ ಯಾರೂ ಕೊಟ್ಟಿಲ್ಲ.

ಈಗ ಮಾರ್ಕ 8. ಬೇತ್ಸಾಯಿದದ ಕುರುಡ. ಯೇಸು ಸ್ವಾಮಿ ಅವನನ್ನು ಜನರ ಮಧ್ಯದಿಂದ ಊರ ಹೊರಗೆ ಕರ್ಕೊಂಡು ಹೋಗ್ತಾರೆ. ನಾನು ದೊಡ್ಡವ್ವನನ್ನು ಮುಂದಕ್ಕೆ ಕರೆದೆ, ಕರ್ತನು ಇವನನ್ನು ಆಚೆಗೆ ಕರೆದರು. ಮುಟ್ಟಿದ ಮೇಲೆ ಕೇಳ್ತಾರೆ, ಏನಾದ್ರೂ ಕಾಣ್ತಾ ಇದೆಯಾ ಅಂತ. ಅವನು ಏನಂದ? ಜನ ಕಾಣ್ತಾರೆ, ಆದರೆ ಮರಗಳು ನಡೆದ ಹಾಗೆ ಕಾಣ್ತಾರೆ ಅಂದ. ಎಂಥಾ ಪ್ರಾಮಾಣಿಕ ಮನುಷ್ಯ! ದೇವಕುಮಾರನೇ ಎದುರಿಗೆ ನಿಂತಿದ್ದಾನೆ, ಪೂರ್ತಿ ಗುಣ ಆಯ್ತು ಅಂದುಬಿಡಬಹುದಿತ್ತು. ಅನ್ನಲಿಲ್ಲ. ಅರ್ಧ ಕಂಡದ್ದನ್ನು ಅರ್ಧ ಅಂದ. ಯೇಸು ಸ್ವಾಮಿ ಅವನನ್ನು ಗದರಿಸಿದರಾ? ನಿನ್ನ ನಂಬಿಕೆ ಕಡಿಮೆ ಅಂದರಾ? ಇಲ್ಲ, ಇನ್ನೊಂದು ಸಲ ಮುಟ್ಟಿದರು. ಪ್ರಿಯರೇ, ಅವನ ನಿಜವಾದ ಮಾತಿಗೆ ಎರಡನೇ ಸ್ಪರ್ಶ ಸಿಕ್ಕಿತು. ನಮ್ಮ ಕೂಟಗಳಲ್ಲಿ ಎಷ್ಟು ಜನ ಚಪ್ಪಾಳೆಗೆ ಹೆದರಿ ಎರಡನೇ ಪ್ರಾರ್ಥನೆ ಕೇಳದೆ ಮನೆಗೆ ಹೋಗಿದ್ದಾರೋ!

ಇನ್ನೊಂದು ನೋಡಿ. ಕುಷ್ಠರೋಗಿಗಳು ಶುದ್ಧರಾದಾಗ ಕರ್ತನು ಅವರನ್ನು ಯಾಜಕರ ಹತ್ತಿರ ಕಳಿಸಿದರು. ಯಾಕೆ? ಪರೀಕ್ಷೆ ಮಾಡಿ ನೋಡಲಿ ಅಂತ. ದೇವರ ಕೆಲಸ ಪರೀಕ್ಷೆಗೆ ಹೆದರೋದಿಲ್ಲ. ನಿಮ್ಮ ತಾಯಿಗೆ ಗುಣ ಆದರೆ ಸ್ತೋತ್ರ, ಡಾಕ್ಟರ್ ನೋಡಿ ಮಾತ್ರೆ ಕಡಿಮೆ ಮಾಡಲಿ. ಕೋಲು ಬಿಡಿಸೋದಾದರೆ ಆ ಫಿಸಿಯೋಥೆರಪಿಸ್ಟ್ ಬಿಡಿಸಲಿ. ಅಲ್ಲಿವರೆಗೆ ಕೋಲು ಕೈಯಲ್ಲಿರಲಿ.

ಕೋಲು ಅಂದ್ರೆ ನಂಬಿಕೆ ಇಲ್ಲ ಅನ್ನೋರು ಇಬ್ರಿಯ 11 ತೆಗೀರಿ. ನಂಬಿಕೆಯ ವೀರರ ಅಧ್ಯಾಯ ಅಂತೀವಿ. ಅಲ್ಲೇ ಒಂದು ಕೋಲಿದೆ, 21ನೇ ವಚನ. ಮುದಿ ಯಾಕೋಬನು ಸಾಯುವ ಹೊತ್ತಲ್ಲಿ ಮೊಮ್ಮಕ್ಕಳನ್ನು ಆಶೀರ್ವದಿಸಿ, ತನ್ನ ಕೋಲಿನ ತುದಿಗೆ ಒರಗಿ ದೇವರನ್ನು ಆರಾಧಿಸಿದ. ಯಬ್ಬೋಕಿನಲ್ಲಿ ದೇವರ ಜೊತೆ ಹೋರಾಡಿದ ರಾತ್ರಿ ಅವನ ತೊಡೆಯ ಕೀಲು ತಪ್ಪಿತ್ತು. ಆಶೀರ್ವಾದವೂ ಸಿಕ್ಕಿತು, ಕುಂಟುನಡಿಗೆಯೂ ಉಳಿಯಿತು. ಎರಡೂ ಒಂದೇ ರಾತ್ರಿಯಲ್ಲಿ, ಒಂದೇ ಕೈಯಿಂದ.

ನಮ್ಮ ಸೀಮೆಗೆ ಸುವಾರ್ತೆ ತಂದವರನ್ನೂ ನೆನಪು ಮಾಡ್ಕೊಳ್ಳಿ. ಬಾಸೆಲ್ ಮಿಷನ್ನಿನವರು 1851ರಲ್ಲಿ ಗುಳೇದಗುಡ್ಡಕ್ಕೆ ಬಂದರು. ಅತ್ತ ಬೆಟಗೇರಿಯಲ್ಲಿ ಅವರ ಆಸ್ಪತ್ರೆ ಇತ್ತು, ಗದಗ ಕಡೆಯ ಹಿರಿಯರು ಜರ್ಮನ್ ಆಸ್ಪತ್ರೆ ಅಂತಲೇ ಕರೀತಾರೆ. ನಾವು ಪೆಂತೆಕೋಸ್ತಿನವರು, ಅವರಿಗಿಂತ ಹೆಚ್ಚಾಗಿ ಅದ್ಭುತಗಳ ಬಗ್ಗೆ ಮಾತಾಡ್ತೇವೆ, ಸಂತೋಷ. ಆದರೆ ಗಾಯಕ್ಕೆ ಪಟ್ಟಿ ಕಟ್ಟುವುದೂ ಸೇವೆ ಅಂತ ಅವರಿಗೆ ಗೊತ್ತಿತ್ತು. ಅದನ್ನು ನಾವು ಮರೆಯಬಾರದು.

ಈಗ ನಿಮಗೆ, ಈ ಊರಲ್ಲಿ ದುಡೀತಿರುವ ತಮ್ಮಂದಿರಿಗೆ ತಂಗಿಯರಿಗೆ ಒಂದು ಮಾತು. ಸ್ವಲ್ಪ ಖಾರ ಆಗಬಹುದು.

ಮಾರ್ಕ 7ರಲ್ಲಿ ಕೊರ್ಬಾನ್ ಅಂತ ಒಂದು ವಿಷಯ ಬರುತ್ತೆ. ತಂದೆತಾಯಿಗೆ ಸಲ್ಲಬೇಕಾದದ್ದನ್ನು ದೇವರಿಗೆ ಮುಡಿಪು ಅಂತ ಹೇಳಿ, ಅವರಿಗೆ ಏನೂ ಮಾಡದೆ ತಪ್ಪಿಸಿಕೊಳ್ಳೋದು. ಯೇಸು ಸ್ವಾಮಿ ಅದನ್ನು ಕಟುವಾಗಿ ಖಂಡಿಸಿದರು. ನಮ್ಮ ಕಾಲದ ಕೊರ್ಬಾನ್ ಯಾವುದು ಗೊತ್ತಾ? "ಅಮ್ಮಾ, ನಿನಗೋಸ್ಕರ ಪ್ರಾರ್ಥನೆ ಮಾಡ್ತಾ ಇದ್ದೀನಿ" ಅಂತ ಫೋನಿಟ್ಟುಬಿಡೋದು. ಪ್ರಾರ್ಥನೆ ಮಾಡಿ, ಉಪವಾಸ ಮಾಡಿ. ಆದರೆ ಅಮ್ಮ ರಾತ್ರಿ ಎದ್ದು ಬಚ್ಚಲಿಗೆ ಹೋಗುವ ದಾರಿಯಲ್ಲಿ ಲೈಟ್ ಇದೆಯಾ? ಗೋಡೆಗೆ ಹಿಡಿ ಹಾಕಿಸಿದ್ದೀರಾ? ಕುಕ್ಕರಗಾಲಲ್ಲಿ ಕೂರೋಕೆ ಆಗದವರಿಗೆ ಕಮೋಡ್ ಇದೆಯಾ? ಕೋಲಿನ ತುದಿಗೆ ರಬ್ಬರ್ ಇದೆಯಾ, ಅದರ ಎತ್ತರ ಮಣಿಕಟ್ಟಿನ ಮಟ್ಟಕ್ಕೆ ಇದೆಯಾ? ಇದೆಲ್ಲಾ ದೊಡ್ಡ ಖರ್ಚಿನ ಮಾತಲ್ಲ. ಒಂದು ಸಲ ಊರಿಗೆ ಹೋಗಿ ನಿಂತು ಮಾಡಿಸುವ ಕೆಲಸ. 2007ರಲ್ಲಿ ಈ ದೇಶದಲ್ಲಿ ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಗೆ ಅಂತ ಕಾನೂನು ಬಂತು. ಕಾನೂನು ಬಂದು ಹೇಳುವ ಮೊದಲೇ ದೇವರು ಹತ್ತು ಆಜ್ಞೆಗಳಲ್ಲಿ ಹೇಳಿದ್ದರು.

ಇನ್ನೊಂದು, ಅಣ್ಣಂದಿರೇ. ಊರಲ್ಲಿ ಆ ಬೆನ್ನಿಗೆ ಎಣ್ಣೆ ಹಚ್ಚುವವರು, ವ್ಯಾಯಾಮ ಮಾಡಿಸುವವರು ಯಾರು? ಒಬ್ಬ ಅತ್ತಿಗೆ, ಒಬ್ಬ ತಂಗಿ. ಅವರ ಬೆನ್ನೂ ಬಾಗ್ತಿದೆ. ವರ್ಷಕ್ಕೆ ಒಂದು ವಾರ ರಜ ಹಾಕಿ ಹೋಗಿ, ಅವರನ್ನು ಕೂರಿಸಿ ನೀವು ಮಾಡಿ.

ದೊಡ್ಡವ್ವನಿಗೆ ಆಪರೇಷನ್ ಮಾಡಿಸೋಣ ಅಂತ ನಾವೆಲ್ಲಾ ಕೂತು ಚರ್ಚೆ ಮಾಡಿದೆವು. ಒಬ್ಬರು ಬೇಕು ಅಂದರು, ಒಬ್ಬರು ಬೇಡ ಅಂದರು, ಹಣದ ಮಾತೂ ಬಂತು. ಎಲ್ಲಾ ಮುಗಿದ ಮೇಲೆ ಅವಳನ್ನು ಕೇಳಿದೆವು. ಮೊದಲೇ ಕೇಳಬೇಕಿತ್ತು. ಅವಳಂದಳು, "ಡಾಕ್ಟರ ಹೇಳಿದ್ದೆಲ್ಲಾ ಕೇಳೀನಿ. ನನಗ ನೆಟ್ಟಗ ಆಗೂದ್ ಬ್ಯಾಡ. ಆರಾಧನಿಗೆ ನಡಕೊಂತ ಹೋಗಬೇಕು, ಎರಡ್ ರೊಟ್ಟಿ ಬಡೀಬೇಕು. ಅಷ್ಟಾದ್ರ ಸಾಕು."

ಹಾಗಾಗಿ ಅಷ್ಟಕ್ಕೇ ದುಡಿದೆವು. ಅವಳ ಮಗ ಒಲೆಯನ್ನು ಕಟ್ಟೆ ಮೇಲೆ ಏರಿಸಿಕೊಟ್ಟ, ಎತ್ತರದ ಸ್ಟೂಲ್ ಮೇಲೆ ಕೂತು ರೊಟ್ಟಿ ಬಡೀತಾಳೆ. ಬೆಳಿಗ್ಗೆ ಹಾಸಿಗೆಯಲ್ಲೇ ವ್ಯಾಯಾಮ, ಸಂಜೆ ಎರಡು ಸಲ ಓಣಿ ಸುತ್ತು. ದಾರಿಯಲ್ಲಿ ಕೂರೋಕೆ ಪಕ್ಕದ ಮನೆಯವರು ಕಟ್ಟೆ ಮೇಲೆ ಚಾಪೆ ಹಾಸಿಟ್ಟಿರ್ತಾರೆ. ಬೆನ್ನಿನ ಬಾಗು ಹಾಗೇ ಇದೆ. ಸೀರೆಯ ಅಂಚು ಈಗಲೂ ಒಂದು ಕಡೆ ನೆಲ ಮುಟ್ಟುತ್ತೆ. ನೋವು ಕೆಲವು ದಿನ ಕಡಿಮೆ, ಕೆಲವು ದಿನ ಜಾಸ್ತಿ.

ನಾನು ಈಗಲೂ ಅವಳ ಬೆನ್ನ ಮೇಲೆ ಕೈಯಿಟ್ಟು ಗುಣಕ್ಕಾಗಿ ಪ್ರಾರ್ಥಿಸ್ತೀನಿ. ನಮ್ಮ ದೇವರು ಗುಣಪಡಿಸುವ ದೇವರು, ಆ ನಂಬಿಕೆ ನಾನು ಬಿಟ್ಟಿಲ್ಲ. ಬಿಟ್ಟದ್ದು ಒಂದೇ, ಆಮೇಲೆ ಅವಳ ಬಾಯಿಂದ ನನಗೆ ಬೇಕಾದ ಉತ್ತರ ಹೊರಡಿಸುವುದು. ಈಗ ಕೇಳ್ತೀನಿ, ಎಲ್ಲಿ ನೋವಿದೆ ದೊಡ್ಡವ್ವಾ ಅಂತ. ಅವಳು ತೋರಿಸ್ತಾಳೆ. ಮತ್ತೆ ಪ್ರಾರ್ಥಿಸ್ತೀನಿ. ಹಳೇ ವಿಡಿಯೋ ಅಳಿಸಿದೆ. ಅದನ್ನು ಕಳಿಸಿದ ಗ್ರೂಪುಗಳಿಗೆಲ್ಲಾ ನಿಜ ಏನು ಅಂತ ಬರೆದೆ. ಕೆಲವರು ಗ್ರೂಪ್ ಬಿಟ್ಟುಹೋದರು. ಬರೆದು ಎರಡು ದಿನಕ್ಕೆ ಒಬ್ಬ ಅಜ್ಜ ಫೋನ್ ಮಾಡಿ, ನನಗೂ ಗುಣ ಆಗಿಲ್ಲ ಪಾಸ್ಟರ್, ಹೇಳೋಕೆ ಹೆದರಿದ್ದೆ, ಇನ್ನೊಂದು ಸಲ ಪ್ರಾರ್ಥನೆ ಮಾಡ್ತೀರಾ ಅಂದರು.

ಆ ತಂಗಿ ಇಲ್ಲೇ ಕೂತಿದ್ದಾಳೆ. ತಂಗೀ, ನಿಮ್ಮ ಅಮ್ಮನಿಗೆ ಇದನ್ನು ಹೇಳು. ಒಬ್ಬ ಪಾಸ್ಟರ್ ತನ್ನ ದೊಡ್ಡವ್ವನ ಕೋಲು ಕಿತ್ತುಕೊಂಡಿದ್ದ, ಆಮೇಲೆ ತಾನೇ ಹುಡುಕಿ ತಂದು ಅವಳ ಕೈಗೆ ಕೊಟ್ಟ ಅಂತ.

ನಾವು ಆರಾಧನೆಯಲ್ಲಿ ಎರಡೂ ಕೈ ಎತ್ತಿ ಸ್ತುತಿಸಿ ಅಂತ ಹೇಳ್ತೇವೆ. ದೊಡ್ಡವ್ವ ಒಂದೇ ಕೈ ಎತ್ತುತ್ತಾಳೆ, ಇನ್ನೊಂದು ಕೈಯಲ್ಲಿ ಕೋಲಿರುತ್ತೆ. ಅದಕ್ಕೇ ನಾನು ಎರಡೂ ಕೈ ಅನ್ನೋದು ಬಿಟ್ಟಿದ್ದೇನೆ. ಎತ್ತೋಕೆ ಆಗುವ ಕೈ ಎತ್ತಿ. ಎಲ್ಲರೂ ಎದ್ದು ನಿಲ್ಲೋಣ. ನಿಲ್ಲೋಕೆ ಆಗದವರು ಕೂತೇ ಇರಿ. ಕಣ್ಣು ಮುಚ್ಚಿ ಪ್ರಾರ್ಥಿಸೋಣ.

ಪರಲೋಕದ ತಂದೆಯೇ, ಬಾಗಿದ ಬೆನ್ನುಗಳನ್ನು ನೀನು ನೋಡುತ್ತೀ. ಗುಣಪಡಿಸು ಎಂದು ಬೇಡುತ್ತೇವೆ. ಗುಣವಾಗುವ ತನಕ ನಿಜ ಹೇಳುವ ಧೈರ್ಯವನ್ನು ಅವರಿಗೆ ಕೊಡು, ಕೇಳಿಸಿಕೊಳ್ಳುವ ತಾಳ್ಮೆಯನ್ನು ನಮಗೆ ಕೊಡು. ನಮ್ಮ ಹೆಸರಿಗಾಗಿ ಯಾವ ತಾಯಿಯೂ ನೋವು ಮುಚ್ಚಿಡದಿರಲಿ. ಊರಲ್ಲಿರುವ ನಮ್ಮ ಹಿರಿಯರ ಕಾಲು ಈ ರಾತ್ರಿ ಎಡವದಂತೆ ಕಾಪಾಡು, ಅವರ ದಾರಿಗೆ ದೀಪ ಇಡುವ ಕೆಲಸವನ್ನು ನಮ್ಮ ಕೈಯಿಂದಲೇ ಮಾಡಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.